ಓದದೆ ದಾಟಿದ ಸಾಲುಗಳು

ಓದಲು ಕೂರುವ ಮುಂಚೆ ಮೇಡಂ ಕೈಯ ಬಳೆಗಳನ್ನು ತೆಗೆದು ಟವೆಲಿನಲ್ಲಿ ಸುತ್ತಿಡುತ್ತಿದ್ದರು. ಆಮೇಲೆ ಗೋಡೆಯ ಗಡಿಯಾರವನ್ನು ಇಳಿಸಿ, ಒಳಕೋಣೆಯ ಹಾಸಿಗೆಯ ಮೇಲೆ ಮಲಗಿಸಿ, ಬಾಗಿಲು ಎಳೆದುಕೊಂಡು ಬರುತ್ತಿದ್ದರು. ಫ್ಯಾನು ಆರಿಸಿ, ಕಿಟಕಿಗೆ ಕಂಬಳಿ ಇಳಿಬಿಟ್ಟು, ಕಲ್ಲುಸಕ್ಕರೆಯ ಚೂರೊಂದನ್ನು ಬಾಯಲ್ಲಿ ಕರಗಿಸಿಕೊಂಡು, ಕೊನೆಗೆ ನನ್ನ ಕಾಲಿನ ಕಡೆ ನೋಡುತ್ತಿದ್ದರು. ಮೊದಲ ದಿನ ನನ್ನ ಕಾಲಲ್ಲಿ ಗೆಜ್ಜೆ ಇತ್ತು. "ಇದೇನಮ್ಮ, ಓದೋಕೆ ಬಂದ್ಯೋ ಕುಣಿಯೋಕೆ ಬಂದ್ಯೋ?" ಎಂದರು. ಮನೆಗೆ ಬಂದ ಹೊಸಬಳನ್ನು ಹೀಗಾ ಮಾತಾಡಿಸುವುದು ಎಂದು ನನಗೆ ಉರಿದುಹೋಯಿತು. ಆದರೂ ಗೆಜ್ಜೆ ಬಿಚ್ಚಿ ಬ್ಯಾಗಿಗೆ ಹಾಕಿಕೊಂಡೆ.

ಅವರು ತೀರಿಕೊಂಡು ಕೆಲವು ತಿಂಗಳಾದವು. ಸುದ್ದಿ ಪೇಪರಿನಲ್ಲಿ ಬಂದಾಗ 'ಮಧುರ ಕಂಠದ ಉದ್ಘೋಷಕಿ' ಎಂದು ಬರೆದಿದ್ದರು. ಅದನ್ನು ಓದಿದ್ದರೆ ಅವರು ಪೇಪರು ಮಡಿಚಿ ಮೂಲೆಗೆ ಎಸೆಯುತ್ತಿದ್ದರು. ಅವರ ದನಿ ಮಧುರವಾಗಿರಲಿಲ್ಲ. ಒಗೆದು ಒಗೆದು ಮೆತ್ತಗಾದ ಹತ್ತಿ ಸೀರೆಯ ಹಾಗೆ, ಹೊಳಪಿಲ್ಲದೆ, ಹತ್ತಿರವಾಗಿತ್ತು. ರೇಡಿಯೋದಲ್ಲಿ ಬಹಳ ವರ್ಷ ಕೆಲಸ ಮಾಡಿ ನಿವೃತ್ತರಾದ ಮೇಲೆ ಯಾದವಗಿರಿಯ ತಮ್ಮ ತಂದೆಯ ಕಾಲದ ಮನೆಯ ಕೆಳಭಾಗದಲ್ಲಿ ಒಬ್ಬರೇ ಇದ್ದರು. ಕಣ್ಣು ಕಾಣದ ಹೆಣ್ಣುಮಕ್ಕಳ ಹಾಸ್ಟೆಲ್ ಒಂದಕ್ಕೆ ಪುಸ್ತಕಗಳನ್ನು ಓದಿ ರೆಕಾರ್ಡ್ ಮಾಡಿ ಕೊಡುತ್ತಿದ್ದರು. ಜೊತೆಗೆ ಓದುವವರು ಬೇಕು ಎಂದು ಯಾರೋ ಹೇಳಿದ್ದನ್ನು ಕೇಳಿ ನಾನು ಹೋದದ್ದು.

ನಾನು ಮಂಡಿ ಮೊಹಲ್ಲಾದವಳು. ಅಪ್ಪನದು ಬೆಳ್ಳುಳ್ಳಿ, ಒಣಮೆಣಸಿನಕಾಯಿಯ ಸಗಟು ಅಂಗಡಿ. ಅಂಗಡಿಯ ಮೇಲೇ ಮನೆ. ಮೆಣಸಿನಕಾಯಿ ಲಾರಿ ಬಂದ ದಿನ ಇಡೀ ಬೀದಿ ಸೀನುತ್ತದೆ. ಅಂಥ ಮನೆಯಲ್ಲಿ, ಮೂಟೆಗಳ ಸಂದಿಯಲ್ಲಿ ಕೂತು ನಾನು ಅಧ್ಯಾತ್ಮದ ಪುಸ್ತಕ ಓದುತ್ತಿದ್ದೆ. ಡಿಗ್ರಿ ಮುಗಿಸಿ ಮೇಟಗಳ್ಳಿಯ ಕಾರ್ಖಾನೆಯೊಂದರ ಆಫೀಸಿಗೆ ಸೇರಿದ ಮೇಲೂ ಬಸ್ಸಿನಲ್ಲಿ ಅದೇ ಓದು. ಅವ್ವನಿಗೆ ದಿಗಿಲು. "ಈ ವಯಸ್ಸಲ್ಲಿ ಸಿನಿಮಾ ನೋಡು, ಸೀರೆ ಕೊಡ್ಸು ಅಂತ ಗಲಾಟೆ ಮಾಡು. ಅದು ಬುಟ್ಟು ಮುದುಕ್ರು ಓದೋ ಪುಸ್ತಕ ಹಿಡ್ಕಂಡು ಕೂತಿದ್ದೀಯಲ್ಲ, ಯಾರಾದ್ರೂ ಏನಾದ್ರೂ ಅಂದ್ರೇನವ್ವ?" ಎಂದು ಪದೇ ಪದೇ ಕೇಳುತ್ತಿದ್ದಳು.

ಯಾರೂ ಏನೂ ಅಂದಿರಲಿಲ್ಲ. ನನಗೆ ಪ್ರೇಮಭಂಗವೂ ಆಗಿರಲಿಲ್ಲ. ಒಳಗೆ ಏನೋ ಇದೆ, ಅದನ್ನು ಮುಟ್ಟಬೇಕು ಎಂಬ ಆಸೆ ಹೈಸ್ಕೂಲಿನಿಂದಲೇ ಹತ್ತಿಕೊಂಡಿತ್ತು, ಅಷ್ಟೇ. ಓದುವಾಗ ನಿಜಕ್ಕೂ ಎದೆ ಹಗುರಾಗುತ್ತಿತ್ತು. ಆದರೆ ಆ ಹಗುರ ಮುಂದಿನ ಬಸ್‌ಸ್ಟಾಪಿನವರೆಗೂ ಉಳಿಯುತ್ತಿರಲಿಲ್ಲ. ಯಾರಾದರೂ ಕಾಲು ತುಳಿದರೆ ಸಾಕು, ಅಲ್ಲೇ ಜಗಳಕ್ಕೆ ನಿಲ್ಲುತ್ತಿದ್ದೆ. ಹಾಗಾದರೆ ಓದಿದ್ದು ಎಲ್ಲಿಗೆ ಹೋಯಿತು? ಪುಸ್ತಕದ ಮಾತು ಯಾರಿಗಾದರೂ ಒಳಗೆ ಇಳಿಯುತ್ತದೆಯೇ, ಅಥವಾ ಎಲ್ಲರಿಗೂ ನಾಲಿಗೆಯ ಮೇಲೇ ಒಣಗಿಹೋಗುತ್ತದೆಯೇ? ಇಳಿದವರು ಒಬ್ಬರನ್ನಾದರೂ ಕಣ್ಣಾರೆ ನೋಡಿದರೆ ಇನ್ನೂ ಓದುತ್ತೇನೆ, ಇಲ್ಲದಿದ್ದರೆ ಎಲ್ಲ ಕಟ್ಟಿ ಅಟ್ಟಕ್ಕೆ ಹಾಕುತ್ತೇನೆ ಎಂದುಕೊಂಡಿದ್ದೆ. ಮೇಡಂ ಅವರನ್ನು ಕಂಡ ಮೇಲೆ, ಸಿಕ್ಕರು ಎನಿಸಿತು.

ಅವರು ನನಗೆ ಅಧ್ಯಾತ್ಮದ ಒಂದು ಮಾತನ್ನೂ ಹೇಳಿಕೊಡಲಿಲ್ಲ. ಬರೀ ಬೈದರು. ಭಕ್ತಿಯ ಪ್ರಸಂಗವೊಂದನ್ನು ಓದುವಾಗ ನನ್ನ ಗಂಟಲು ಕಟ್ಟಿತು. ಅವರು ಕೈಯೆತ್ತಿ ನಿಲ್ಲಿಸಿ, "ನೀನೇ ಅತ್ಬಿಟ್ರೆ ಕೇಳೋ ಹುಡುಗಿಗೆ ಅಳೋದಕ್ಕೆ ಏನು ಉಳೀತು? ಮೂಗು ಒರೆಸ್ಕೊಂಡು ಮತ್ತೆ ಓದು" ಎಂದರು. ಇನ್ನೊಂದು ಸಲ, "ಅಲ್ಲ ಕಣಮ್ಮ, ದೇವರು ಅಂತ ಬಂದ ಕೂಡ್ಲೆ ದನಿ ಏರಿಸ್ತೀಯಲ್ಲ, ದೇವರಿಗೇನು ಕಿವಿ ಮಂದವೇ?" ಎಂದರು. ನನಗೆ ಅಳುವೂ ಬಂತು, ನಗುವೂ ಬಂತು. ಓದುವವರು ಎಷ್ಟು ಹಿಂದೆ ಸರಿದರೆ ಕೇಳುವವರಿಗೆ ಅಷ್ಟು ಜಾಗ ಎಂಬುದು ಅವರ ಲೆಕ್ಕ.

ಹಾಸ್ಟೆಲಿನ ಹುಡುಗಿಯರು ಒಮ್ಮೆ ಅಡುಗೆ ಪುಸ್ತಕ ಕೇಳಿದರು. ಅದನ್ನೂ ಅಷ್ಟೇ ಗಂಭೀರವಾಗಿ, ಬಳೆ ತೆಗೆದಿಟ್ಟೇ ಓದಿದರು. ಗೊಜ್ಜು ಮಾಡುವ ಕ್ರಮದಲ್ಲಿ ಉಪ್ಪಿನ ಮಾತೇ ಇರಲಿಲ್ಲ. ಬರೆದವರು ಮರೆತಿದ್ದರು. "ಒಂದು ಮಾತು ಸೇರಿಸಿಬಿಡಿ ಮೇಡಂ, ಪಾಪ, ಸಪ್ಪೆ ತಿಂತಾರೆ" ಎಂದೆ. ಅವರು ಒಪ್ಪಲಿಲ್ಲ. ಪುಸ್ತಕವನ್ನು ಇದ್ದ ಹಾಗೇ ಓದಿ ಮುಗಿಸಿ, ಒಂದು ನಿಮಿಷ ಬಿಟ್ಟು, "ಇದು ಪುಸ್ತಕದ ಮಾತಲ್ಲ, ಓದಿದವಳ ಮಾತು. ಗೊಜ್ಜಿಗೆ ಉಪ್ಪು ಹಾಕುವುದನ್ನು ಮರೆಯಬೇಡಿ" ಎಂದು ಬೇರೆಯಾಗಿ ರೆಕಾರ್ಡ್ ಮಾಡಿದರು. ಆಮೇಲೆ ನನ್ನ ಕಡೆ ತಿರುಗಿ, "ಇಲ್ಲದ್ದನ್ನ ಸೇರಿಸೋ ಹಾಗಿಲ್ಲ, ಇರೋದನ್ನ ಬಿಡೋ ಹಾಗೂ ಇಲ್ಲ. ಕಣ್ಣಿದ್ದೋರು ಪುಟ ತಿರುಗಿಸಿ ನೋಡ್ತಾರೆ. ಈ ಮಕ್ಕಳು ಏನು ನೋಡ್ತಾರೆ? ನಾವು ಬಿಟ್ಟಿದ್ದು ಅವರ ಪಾಲಿಗೆ ಇಲ್ಲವೇ ಇಲ್ಲ" ಎಂದರು. ಅವರು ನನಗೆ ಮಾಡಿದ ಅತಿ ದೊಡ್ಡ ಉಪದೇಶ ಅದೇ.

ಅವರ ಮನೆಯಲ್ಲಿ ಇನ್ನೊಂದು ಪದ್ಧತಿಯಿತ್ತು. ಒಬ್ಬರು ಓದಿದ್ದನ್ನು ಇನ್ನೊಬ್ಬರು ಹೆಡ್‌ಫೋನ್ ಹಾಕಿಕೊಂಡು, ಪುಸ್ತಕ ಮುಂದಿಟ್ಟುಕೊಂಡು, ಸಾಲಿಗೆ ಸಾಲು ತಾಳೆ ನೋಡಬೇಕು. ಓದಿದವರೇ ನೋಡುವ ಹಾಗಿಲ್ಲ. ಒಮ್ಮೆ ಜಾರಿದ ಕಣ್ಣು ಎರಡನೇ ಸಲವೂ ಅಲ್ಲೇ ಜಾರುತ್ತದೆ ಎನ್ನುತ್ತಿದ್ದರು. ನಾನು ಓದಿದ್ದರಲ್ಲಿ ಅವರು ಪುಟಕ್ಕೊಂದು ತಪ್ಪು ಹಿಡಿಯುತ್ತಿದ್ದರು. ಅವರು ಓದಿದ್ದರಲ್ಲಿ ಒಂದಾದರೂ ಸಿಗಲಿ ಎಂದು ನಾನು ಹಟ ಹಿಡಿದು ಕೂರುತ್ತಿದ್ದೆ. ಒಂದೂ ಸಿಗುತ್ತಿರಲಿಲ್ಲ.

ಅಷ್ಟು ಸದ್ದಡಗಿದ ಮನೆಗೆ ಒಂದೇ ಒಂದು ಕಾಟ, ಕುಕ್ಕರಿನ ಸೀಟಿ. ಓದು ಹದಕ್ಕೆ ಬಂದ ಹೊತ್ತಿಗೆ ಎಲ್ಲಿಂದಲೋ ಸೀಟಿ ಕೂಗುತ್ತಿತ್ತು. ಅವರು ಓದು ನಿಲ್ಲಿಸಿ, ಸೂರಿನ ಕಡೆ ಕಣ್ಣೆತ್ತಿ, "ಶುರುವಾಯ್ತು" ಎನ್ನುತ್ತಿದ್ದರು. ತುಟಿ ಬಿಗಿದುಕೊಳ್ಳುತ್ತಿತ್ತು. ಮೇಲಿನ ಭಾಗದಲ್ಲಿ ಯಾರಿದ್ದಾರೆ ಎಂದು ಒಮ್ಮೆ ಕೇಳಿದೆ.

"ನನ್ನ ತಂಗಿ."

"ಅವರು ಇಲ್ಲಿಗೆ ಬರೋದೇ ಇಲ್ವಲ್ಲ ಮೇಡಂ?"

"ನಾವು ಮಾತಾಡಲ್ಲ" ಎಂದರು. ರೇಡಿಯೋದಲ್ಲಿ ಈಗ ಸಮಯ ಇಷ್ಟು ಎಂದು ಹೇಳುವ ದನಿಯಲ್ಲೇ ಹೇಳಿದರು.

ತಂಗಿಯನ್ನು ನಾನು ಗೇಟಿನ ಬಳಿ ನೋಡುತ್ತಿದ್ದೆ. ಸಣ್ಣ ಆಳು, ಮದುವೆಯಾಗಿರಲಿಲ್ಲ. ಟೀಚರಾಗಿ ನಿವೃತ್ತರಾದವರು. ಹೊರಗಿನ ಮೆಟ್ಟಿಲಿಳಿದು ಬಂದು, ಗೇಟಿಗೆ ಸಿಕ್ಕಿಸಿದ ಎರಡು ಚೀಲಗಳಲ್ಲಿ ತಮ್ಮದರ ಹಾಲಿನ ಪ್ಯಾಕೆಟ್ ಮಾತ್ರ ತೆಗೆದುಕೊಂಡು ಹತ್ತಿಹೋಗುತ್ತಿದ್ದರು. ನನ್ನನ್ನು ಕಂಡರೆ ನಗುತ್ತಿದ್ದರು. ಕೆಳಗಿನ ಬಾಗಿಲು ಸದ್ದಾದರೆ ಆ ನಗು ಮಾಯವಾಗುತ್ತಿತ್ತು. ನಮ್ಮ ಮನೆಯಲ್ಲಿ ಬೆಳಿಗ್ಗೆ ಬೀದಿಗೆ ಕೇಳುವ ಹಾಗೆ ಕಿತ್ತಾಡಿದವರು ಮಧ್ಯಾಹ್ನ ಒಂದೇ ತಟ್ಟೆಗೆ ಕೈ ಹಾಕುತ್ತೇವೆ. ಹೀಗೆ ಮಾತು ಬಿಟ್ಟು ವರ್ಷಗಟ್ಟಲೆ ಬದುಕುವುದು ನನಗೆ ಗೊತ್ತೇ ಇರಲಿಲ್ಲ. ಈಗ ಹೇಳಿದರೆ ನಗುತ್ತೀರಿ, ನಾನು ಅದನ್ನು ವೈರಾಗ್ಯ ಎಂದುಕೊಂಡೆ! ಸಂಬಂಧಗಳ ಜಂಜಾಟ ದಾಟಿದವರು, ಒಡಹುಟ್ಟಿದವಳ ಮಾತೂ ಬೇಡವಾಗುವಷ್ಟು ಒಳಗೆ ತುಂಬಿಕೊಂಡವರು ಎಂದು ಮನಸ್ಸಿನಲ್ಲೇ ಕೈಮುಗಿದೆ. ಪುಸ್ತಕ ಜಾಸ್ತಿ ಓದಿದವರಿಗೆ ಮಾತ್ರ ಸಾಧ್ಯವಾಗುವ ದಡ್ಡತನ ಅದು.

ಹೀಗಿರುವಾಗ ಹಾಸ್ಟೆಲಿನಿಂದ ಒಂದು ಬೇಡಿಕೆ ಬಂತು. ಬಿ.ಎ. ಓದುತ್ತಿದ್ದ ಹುಡುಗಿಯೊಬ್ಬಳಿಗೆ ಧ್ಯಾನ, ಮೌನ, ಒಳಬದುಕಿನ ಬಗ್ಗೆ ಏನಾದರೂ ಬೇಕಿತ್ತಂತೆ. ಮೇಡಂ ತಮ್ಮ ಕಪಾಟಿನಿಂದ ರಟ್ಟು ಹರಿದ, ಬರೆದವರ ಹೆಸರಿದ್ದ ಹಾಳೆಯೂ ಉದುರಿಹೋದ ಹಳೆಯ ಪುಸ್ತಕವೊಂದನ್ನು ತೆಗೆದರು. ಅದು ಅವರ ತಾಯಿಯದು. "ಇದನ್ನ ನಾನೇ ಓದ್ತೀನಿ. ನೀನು ತಾಳೆ ನೋಡು" ಎಂದರು.

ಆ ಓದನ್ನು ಹೇಗೆ ಹೇಳಲಿ! ನನ್ನ ಎದೆಯೊಳಗೆ ಯಾರೋ ಚಾಪೆ ಹಾಸಿ ಕೂತ ಹಾಗಿತ್ತು. ಭಾನುವಾರಕ್ಕಾಗಿ ವಾರವೆಲ್ಲ ಕಾಯುತ್ತಿದ್ದೆ. ಫೈಲುಗಳನ್ನು ಲ್ಯಾಪ್‌ಟಾಪಿಗೆ ಹಾಕಿಕೊಂಡು, ಪುಸ್ತಕವನ್ನೂ ಕೇಳಿ ತಂದು, ಅಂಗಡಿಯ ಹಿಂದಿನ ಉಗ್ರಾಣದಲ್ಲಿ ಕೂತು ತಾಳೆ ನೋಡುತ್ತಿದ್ದೆ. ಮೌನದ ಅಧ್ಯಾಯ ಬಂತು. ಬೆರಳು ಸಾಲಿನ ಮೇಲೆ, ದನಿ ಕಿವಿಯಲ್ಲಿ. ಒಂದು ಕಡೆ ದನಿ ಮುಂದೆ ಹೋಯಿತು, ಬೆರಳು ಅಲ್ಲೇ ಉಳಿಯಿತು.

ನನ್ನದೇ ತಪ್ಪಿರಬೇಕು ಎಂದು ಹಿಂದಕ್ಕೆ ಹಾಕಿ ಕೇಳಿದೆ. ಮತ್ತೆ ಕೇಳಿದೆ. ಒಂದು ಪ್ಯಾರಾ ಪೂರ್ತಿ ಇರಲಿಲ್ಲ. ಅದರ ಹಿಂದಿನ ಪ್ಯಾರಾ ಮುಗಿಸಿ, ಉಸಿರು ತೆಗೆದುಕೊಂಡು, ಒಂದಿಷ್ಟೂ ಎಡವದೆ ಮುಂದಿನದಕ್ಕೆ ಹೋಗಿದ್ದರು. ಅವರು ದಾಟಿದ ಆ ಪ್ಯಾರಾ ಹೇಳುತ್ತಿದ್ದುದು ಇಷ್ಟು: ಮಾತು ನಿಂತಲ್ಲೆಲ್ಲ ಮೌನವಿದೆ ಎಂದು ನಂಬಬಾರದು. ತನ್ನವರ ಮೇಲೆ ಮುನಿದು ಬಾಯಿ ಮುಚ್ಚಿದವರು ಒಳಗೆ ಹಗಲೂ ರಾತ್ರಿ ಅವರೊಂದಿಗೇ ವಾದ ಮಾಡುತ್ತಿರುತ್ತಾರೆ. ಅಂಥವರು ಮೊದಲು ಎದ್ದುಹೋಗಿ ಆ ಒಬ್ಬರೊಂದಿಗೆ ಒಂದು ಮಾತಾಡಿ ಬರಬೇಕು. ಧ್ಯಾನ, ಜಪ ಎಲ್ಲ ಆಮೇಲೆ.

ಬೆಳ್ಳುಳ್ಳಿ ಘಾಟಿನ ನಡುವೆ ಹೆಡ್‌ಫೋನ್ ತೆಗೆದಿಟ್ಟೆ. ಬೇಕೆಂದೇ ಬಿಟ್ಟರೇ? ಇರುವುದನ್ನು ಬಿಡುವ ಹಾಗಿಲ್ಲ ಎಂದವರು ಇವರೇ ಅಲ್ಲವೇ? ಬೇಕೆಂದೇ ಬಿಟ್ಟಿದ್ದರೆ ಅವರು ಮೋಸಗಾರರು. ಗೊತ್ತಿಲ್ಲದೆ ಬಿಟ್ಟಿದ್ದರೆ ಅದು ಇನ್ನೂ ಭಯದ ಮಾತು. ಇಷ್ಟು ವರ್ಷ ಇಷ್ಟು ಪುಸ್ತಕ ಓದಿದವರ ಕಣ್ಣೇ ತನಗೆ ಬೇಡವಾದದ್ದನ್ನು ಸದ್ದಿಲ್ಲದೆ ದಾಟಿಬಿಡುತ್ತದೆ ಎಂದಾದರೆ, ನಾನು ಏನೇನು ದಾಟಿರಬಹುದು? ಓದುವುದಾದರೂ ಯಾತಕ್ಕೆ? ನಾನು ಹುಡುಕಿಕೊಂಡ ಒಬ್ಬರೇ ಒಬ್ಬರು ಕೈಜಾರಿ ಹೋಗುತ್ತಿದ್ದರು. ನನಗೆ ದುಃಖಕ್ಕಿಂತ ಸಿಟ್ಟು ಹೆಚ್ಚಾಗಿತ್ತು.

ಸುಮ್ಮನಿದ್ದುಬಿಡಬಹುದಿತ್ತು. ಆ ಪ್ಯಾರಾ ಇಲ್ಲದೆಯೂ ಅಧ್ಯಾಯ ಸರಾಗವಾಗಿ ಕೇಳುತ್ತಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಹಾಸ್ಟೆಲಿನ ಆ ಹುಡುಗಿಗೂ ಗೊತ್ತಾಗುತ್ತಿರಲಿಲ್ಲವಲ್ಲ, ಅದೇ ನನ್ನನ್ನು ಕೊರೆಯಿತು. ಅವಳಿಗೂ ಮಾತು ಬಿಟ್ಟ ತಂಗಿಯೋ ಅಣ್ಣನೋ ಇರಬಹುದು. ಅವಳಿಗೆ ಬೇಕಾದ ಮಾತು ಅದೇ ಆಗಿರಬಹುದು. ಹೇಳಿದರೆ ಮೇಡಂ ಸಹಿಸುವುದಿಲ್ಲ, ಹೇಳದಿದ್ದರೆ ಅವಳಿಗೆ ಅರ್ಧ ಪುಸ್ತಕ. ಆಫೀಸಿನಲ್ಲಿ ಕೆಲಸ ಕೈಗೆ ಹತ್ತಲಿಲ್ಲ. ಆ ವಾರ ಅನ್ನ ಸೇರಲಿಲ್ಲ ಎಂದು ಅವ್ವ ಮತ್ತೆ ಅದೇ ಪ್ರಶ್ನೆ ಕೇಳಿದಳು.

ಭಾನುವಾರ ಹೋಗಿ, ಚಪ್ಪಲಿ ಬಿಟ್ಟವಳೇ ಹೇಳಿದೆ. "ಮೇಡಂ, ಮೌನದ ಅಧ್ಯಾಯದಲ್ಲಿ ಒಂದು ಪ್ಯಾರಾ ಬಿಟ್ಟುಹೋಗಿದೆ."

"ನಾನು ಬಿಟ್ಟಿಲ್ಲ."

"ಬಿಟ್ಟಿದ್ದೀರ ಮೇಡಂ."

"ಎಷ್ಟು ವರ್ಷದಿಂದ ಓದ್ತಿದೀನಿ ಗೊತ್ತೇನಮ್ಮ? ನಿನಗೇ ಎಲ್ಲೋ ತೂಕಡಿಕೆ ಬಂದಿರ್ಬೇಕು."

ನಾನು ಹೆಡ್‌ಫೋನ್ ಕೊಟ್ಟು, ಪುಟ ತೆರೆದು ಮುಂದಿಟ್ಟೆ. ಅವರು ಬೆರಳಿಟ್ಟು ಕೇಳತೊಡಗಿದರು. ಆ ಜಾಗ ಬಂತು. ಬೆರಳು ನಿಂತಿತು. ಮುಖದಿಂದ ರಕ್ತ ಇಳಿದದ್ದು ನನಗೆ ಕಾಣಿಸಿತು. ಬೇಕೆಂದು ಬಿಟ್ಟದ್ದಲ್ಲ ಎಂಬುದು ಆಗಲೇ ಗೊತ್ತಾಯಿತು. ಅಂಥ ಗಾಬರಿಯನ್ನು ಯಾರೂ ನಟಿಸಲಾರರು. ಅವರು ಆ ಪ್ಯಾರಾವನ್ನು ಮನಸ್ಸಿನಲ್ಲೇ ಓದಿಕೊಂಡರು. ಓದಿ, ನಿಧಾನವಾಗಿ ಹೆಡ್‌ಫೋನ್ ತೆಗೆದರು.

"ಯಾರು ಹೇಳಿದ್ರು ನಿಂಗೆ ನಮ್ಮನೆ ವಿಷಯ?"

"ಯಾರೂ ಹೇಳಿಲ್ಲ ಮೇಡಂ. ಪುಸ್ತಕದಲ್ಲಿದೆ, ಅದಕ್ಕೆ ಹೇಳ್ದೆ."

"ಪುಸ್ತಕದಲ್ಲಿ ಏನಿದೆ ಅಂತ ನೀನು ನನಗೆ ಹೇಳಿಕೊಡೋ ಹಾಗಾಯ್ತಾ? ಎದ್ದು ಹೋಗು. ಮುಂದಿನ ವಾರದಿಂದ ಬರೋದೂ ಬೇಡ." ದನಿ ನಡುಗುತ್ತಿತ್ತು. ಆ ದನಿ ನಡುಗಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಹೊರಗೆ ಬಂದು ಬಸ್‌ಸ್ಟಾಪಿನಲ್ಲಿ ನಿಂತು ಗೊಳೋ ಎಂದು ಅತ್ತೆ. ಜನ ನೋಡುತ್ತಿದ್ದರು, ನೋಡಲಿ ಎಂದು ಅತ್ತೆ.

ಮುಂದಿನ ಭಾನುವಾರ ಹೋಗಲಿಲ್ಲ. ಅದರಾಚೆಯ ಭಾನುವಾರವೂ ಹೋಗಲಿಲ್ಲ. ಅಧ್ಯಾತ್ಮದ ಪುಸ್ತಕಗಳನ್ನೆಲ್ಲ ಕಟ್ಟಿಟ್ಟೆ. ಇನ್ನೂ ಅಟ್ಟಕ್ಕೆ ಏರಿಸಿರಲಿಲ್ಲ. ಒಂದು ದಿನ ಆಫೀಸಿನಿಂದ ಬಂದು ನೋಡುತ್ತೇನೆ, ನಮ್ಮ ಅಂಗಡಿಯ ಮುಂದೆ ಆಟೋ. ಮೂಟೆಗಳ ನಡುವೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಮೇಡಂ ನಿಂತಿದ್ದರು. ಅಪ್ಪ ಗಡಿಬಿಡಿಯಿಂದ ಸ್ಟೂಲು ಒರೆಸುತ್ತಿದ್ದ.

"ಇಲ್ಲೊಬ್ಬಳು ಓದೋ ಹುಡುಗಿ ಇದ್ದಾಳಲ್ಲ, ಅವಳು ಬೇಕಿತ್ತು" ಎಂದರು ಅವರು.

ಅಪ್ಪನ ಕೈ ನಿಂತಿತು. "ಇದು ರೇಡಿಯೋ ದನಿ ಅಲ್ವರಾ? ಚಿಕ್ಕುಡುಗ್ನಿಂದ ಕೇಳಿವ್ನಿ ಕಣ್ರಮ್ಮ! ನಮ್ಮವ್ವ ನಿಮ್ ದನಿ ಕೇಳ್ದ್ ಮ್ಯಾಕೇ ಒಲೆ ಅಸ್ತಾ ಇದ್ಲು" ಎಂದ. ಕೆಲಸದವರೆಲ್ಲ ಹತ್ತಿರ ಬಂದರು. ಅವರಿಗೆ ಅದೊಂದೂ ಬೇಕಿರಲಿಲ್ಲ. ನನ್ನನ್ನು ಕಂಡು ಪಕ್ಕಕ್ಕೆ ಕರೆದರು.

"ಆ ಪ್ಯಾರಾ ನೀನೇ ಓದಿ ಸೇರಿಸಿಬಿಡು. ನನ್ನ ಕೈಲಾಗಲ್ಲ."

"ನಡುವೆ ದನಿ ಬದಲಾಗುತ್ತಲ್ಲ ಮೇಡಂ."

"ಆಗ್ಲಿ ಬಿಡು."

"ನಾನು ಓದಲ್ಲ" ಎಂದೆ. ಎಲ್ಲಿಂದ ಅಷ್ಟು ಧೈರ್ಯ ಬಂತೋ. "ನೀವೇ ಓದ್ಬೇಕು. ಇಲ್ಲದಿದ್ರೆ ಪುಸ್ತಕ ಪೂರ್ತಿ ಇಲ್ಲ ಅಂತ ಹಾಸ್ಟೆಲಿಗೆ ಹೇಳಿಬಿಡೋಣ."

ಅವರು ಬಹಳ ಹೊತ್ತು ಮೆಣಸಿನಕಾಯಿ ರಾಶಿಯನ್ನೇ ನೋಡಿದರು. ಕಣ್ಣಲ್ಲಿ ನೀರಿತ್ತು. ಅದು ಮೆಣಸಿನಕಾಯಿಯದೋ ಏನೋ, ನಮ್ಮ ಅಂಗಡಿಯಲ್ಲಿ ಹೇಳಲಾಗುವುದಿಲ್ಲ. "ಭಾನುವಾರ ಬಾ ಹಾಗಾದ್ರೆ" ಎಂದು ಆಟೋ ಹತ್ತಿದರು.

ಆ ಭಾನುವಾರ ಅವರು ಬಳೆ ತೆಗೆಯುವ ಮುಂಚೆಯೇ ಹೇಳಿಬಿಟ್ಟರು. ಅವರ ತಾಯಿಗೆ ಕೊನೆಗಳಿಗೆ ಬಂದ ದಿನ ಇವರು ರೇಡಿಯೋದಲ್ಲಿ ಡ್ಯೂಟಿಯಲ್ಲಿದ್ದರು. ತಂಗಿ ಫೋನು ಮಾಡಿದ್ದಳು. ಮುಂದಿನ ಪಾಳಿಯವರು ಬರುವುದು ತಡವಾಯಿತು. ಮೈಕು ಬಿಟ್ಟು ಏಳುವಂತಿರಲಿಲ್ಲ, ಅಥವಾ ಏಳುವಂತಿಲ್ಲ ಎಂದು ಇವರು ಅಂದುಕೊಂಡರು. ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹೆಣದ ಮುಂದೆ, ನೆಂಟರೆಲ್ಲ ಇರುವಾಗ, ತಂಗಿ ಹೇಳಿದ್ದು: "ನಿನ್ನ ದನಿ ಊರಿಗೆಲ್ಲ ಕೇಳಿಸ್ತು, ಅಮ್ಮನಿಗೊಬ್ಬಳಿಗೆ ಕೇಳಿಸ್ಲಿಲ್ಲ."

"ಅವತ್ತಿಂದ ನಾನು ಅವಳ ಹತ್ರ ಬಾಯಿ ಬಿಟ್ಟಿಲ್ಲ" ಎಂದರು. "ನಾನು ಅದನ್ನೆಲ್ಲ ದಾಟಿ ಆಯ್ತು ಅಂದ್ಕೊಂಡಿದ್ದೆ ಕಣಮ್ಮ. ಕೋಪ ಇಲ್ಲ, ಏನೂ ಇಲ್ಲ, ಎಲ್ಲ ಶಾಂತವಾಗಿದೆ ಅಂದ್ಕೊಂಡೇ ಬೆಳಗೆದ್ದು ಧ್ಯಾನಕ್ಕೆ ಕೂರ್ತಿದ್ದೆ."

ಅವರ ಮೇಲೆ ನನಗೆ ಇದ್ದ ಸಿಟ್ಟೆಲ್ಲ ಆಗ ಇಳಿದುಹೋಯಿತು. ಪಾಪ ಎನಿಸಿತು. ಆದರೆ ಅವರು ಪಾಪ ಎನ್ನಿಸಿಕೊಳ್ಳುವವರಲ್ಲ. ಕಲ್ಲುಸಕ್ಕರೆ ಬಾಯಿಗೆ ಹಾಕಿಕೊಂಡು, "ಆನ್ ಮಾಡು" ಎಂದರು.

ಮೊದಲ ವಾಕ್ಯ ಬಂತು. ಎರಡನೆಯದರ ನಡುವೆ ಓದು ನಿಂತಿತು. ನೀರು ಕುಡಿದು ಮತ್ತೆ ಹಿಡಿದರು. ಮತ್ತೆ ಅಲ್ಲೇ ನಿಂತಿತು. ಕಂಬಳಿ ಇಳಿಬಿಟ್ಟ ಕೋಣೆಯಲ್ಲಿ ಇಬ್ಬರೂ ಬೆವರುತ್ತಿದ್ದೆವು. ನಾನು ಕಣ್ಣೆತ್ತಲಿಲ್ಲ. ಇನ್ನೊಮ್ಮೆ ಶುರು ಮಾಡಿದರು, ಈ ಸಲ ಅರ್ಧ ದಾಟಿದರು, ದನಿ ಹದವಾಗಿತ್ತು. ಅಷ್ಟರಲ್ಲಿ ಕುಕ್ಕರಿನ ಸೀಟಿ ಕೂಗಿತು.

ಅವರು ಪುಸ್ತಕವನ್ನು ಮೇಜಿನ ಮೇಲೆ ಬಡಿದು ಎದ್ದರು. ಮುಖ ಕೆಂಪಾಗಿತ್ತು. ಬಾಗಿಲು ತೆಗೆದು ಹೊರಗಿನ ಮೆಟ್ಟಿಲು ಹತ್ತತೊಡಗಿದರು. ನಾನು ಹೆದರಿ ಮೆಟ್ಟಿಲ ಬುಡಕ್ಕೆ ಓಡಿದೆ. ವರ್ಷಗಳ ಸಿಟ್ಟನ್ನೆಲ್ಲ ಇವತ್ತು ಕಕ್ಕಿಬಿಡುತ್ತಾರೆ, ಆಮೇಲೆ ಈ ಮನೆಯಲ್ಲಿ ಏನೂ ಉಳಿಯುವುದಿಲ್ಲ ಎಂದುಕೊಂಡೆ. ಬಾಗಿಲು ತಟ್ಟಿದ ಸದ್ದು ಕೇಳಿಸಿತು. ಬಾಗಿಲು ತೆರೆಯಿತು.

"ಎಷ್ಟು ವರ್ಷ ಅಂತ ಈ ಕಾಟ ಕೊಡ್ತೀಯ? ಓದೋ ಹೊತ್ತಿಗೇ ಕುಕ್ಕರ್ ಇಡ್ಬೇಕಾ ನೀನು?" ಅಷ್ಟು ವರ್ಷಗಳ ಮೇಲೆ ಅವರು ತಂಗಿಯೊಂದಿಗೆ ಆಡಿದ ಮೊದಲ ಮಾತು ಅದು.

ಆಮೇಲೆ ತಂಗಿಯ ಸಣ್ಣ ದನಿ. "ನಾನೆಲ್ಲಿ ಇಟ್ಟೆ ಅಕ್ಕ? ಅದು ಹಿಂದುಗಡೆ ಮನೇದು. ನೀನು ಓದೋ ಹೊತ್ತಲ್ಲಿ ನಾನು ಒಲೇನೇ ಹಚ್ಚಲ್ಲ. ಸದ್ದಾಗುತ್ತೆ ಅಂತ ಫ್ಯಾನೂ ಹಾಕಲ್ಲ. ಮಂಚದ ಮೇಲೆ ಕಾಲು ಮಡಚ್ಕೊಂಡು ಕೂತುಬಿಡ್ತೀನಿ, ನೀನು ಬಾಗಿಲು ತೆಗೆಯೋವರೆಗೂ."

ಮೇಡಂ ಇಳಿದು ಬಂದರು. ನನ್ನನ್ನು ನೋಡಲಿಲ್ಲ. ಕುರ್ಚಿಯಲ್ಲಿ ಕೂತು ಪುಸ್ತಕ ತೆರೆದು, ಕೈಯಿಂದಲೇ ಸನ್ನೆ ಮಾಡಿದರು. ಪ್ಯಾರಾ ಮೊದಲಿನಿಂದ ಕೊನೆಯವರೆಗೆ ಬಂತು. ಅವರು ನನಗೆ ಬೈದು ಬೈದು ಕಲಿಸಿದ್ದೆಲ್ಲ ಆ ಓದಿನಲ್ಲಿ ಮುರಿದುಬಿದ್ದಿತ್ತು. ದನಿ ಒಡೆಯಿತು, ಉಸಿರು ತಪ್ಪಿತು, ಒಂದು ಕಡೆ ಮೂಗೆಳೆದ ಸದ್ದೂ ಇತ್ತು. ಇನ್ನೊಮ್ಮೆ ಓದುತ್ತೀರಾ ಎಂದು ಕೇಳಿದೆ. "ಹಾಗೇ ಇರ್ಲಿ. ಇದ್ದದ್ದು ಇದ್ದ ಹಾಗೆ ಹೋಗ್ಲಿ" ಎಂದರು. ಪುಸ್ತಕದ ಮಾತು ಒಳಗೆ ಇಳಿಯುವುದೆಂದರೆ ಏನೆಂದು ನಾನು ಕಣ್ಣಾರೆ ನೋಡಿದ್ದು ಅವತ್ತು. ಅದು ನಾನು ಅಂದುಕೊಂಡ ಹಾಗೆ ಹಗುರವಾಗಿರಲಿಲ್ಲ. ನೋಡುವುದಕ್ಕೇ ಕಷ್ಟವಾಯಿತು. ಮನೆಗೆ ಹೋಗಿ ಪುಸ್ತಕದ ಕಟ್ಟು ಬಿಚ್ಚಿದೆ.

ಅಕ್ಕತಂಗಿಯರು ತಬ್ಬಿಕೊಂಡು ಅತ್ತರು ಎಂದು ಬರೆಯಲು ನನಗೂ ಇಷ್ಟ. ಹಾಗೇನೂ ಆಗಲಿಲ್ಲ. ಆಮೇಲಿನ ದಿನಗಳಲ್ಲಿ ಅವರ ನಡುವೆ ನಾನು ಕೇಳಿದ ಮಾತೆಂದರೆ, "ನೀರು ಬಂತಾ?", "ಹಾಲು ಒಡೀತು", "ಪೇಪರಿನವನು ಬಂದಿದ್ದ." ಅದೂ ಮೆಟ್ಟಿಲಲ್ಲಿ, ಮುಖ ಎತ್ತಲೋ ತಿರುಗಿಸಿಕೊಂಡು. ಹಳೆಯ ಮಾತನ್ನು ಇಬ್ಬರೂ ಎತ್ತಲಿಲ್ಲ. ಓದು ಮಾತ್ರ ಮೊದಲಿನಂತೆಯೇ ನಡೆಯಿತು. ಕುಕ್ಕರ್ ಕೂಗಿದರೆ ಅವರು ಈಗ ಸೂರಿನ ಕಡೆ ನೋಡುತ್ತಿರಲಿಲ್ಲ. ನನ್ನ ಮೇಲೆ ರೇಗುವುದೂ ಕಡಿಮೆಯಾಗಲಿಲ್ಲ.

ಆ ಪುಸ್ತಕ ಮುಗಿದು ಹಾಸ್ಟೆಲಿಗೆ ಹೋದ ಸ್ವಲ್ಪ ಕಾಲಕ್ಕೆ, ಒಂದು ಮಧ್ಯಾಹ್ನ, ಅವರು ಕುರ್ಚಿಯಲ್ಲಿ ಕೂತಲ್ಲೇ ಹೋದರು. ಹಾರ್ಟ್ ಅಟ್ಯಾಕ್ ಎಂದರು ಡಾಕ್ಟರು. ಪೇಪರಿನವನ ಬಗ್ಗೆ ಏನೋ ಹೇಳಲು ಇಳಿದು ಬಂದ ತಂಗಿಯೇ ಮೊದಲು ನೋಡಿದ್ದು.

ಎಲ್ಲ ಮುಗಿದ ಮೇಲೆ ಮೈಕು, ಲ್ಯಾಪ್‌ಟಾಪ್ ತೆಗೆದುಕೊಂಡು ಹೋಗಲು ನಾನು ಹೋದೆ. ತಂಗಿ ಬಾಗಿಲು ತೆಗೆದರು. ಕೋಣೆಯ ಕಂಬಳಿ ಇನ್ನೂ ಹಾಗೇ ಇತ್ತು. ನಾನು ವೈರು ಸುತ್ತುತ್ತಿದ್ದೆ, ಅವರು ಹೊಸಿಲ ಮೇಲೆ ನಿಂತೇ ಇದ್ದರು.

"ಮೇಲೆ ಕೂತ್ರೆ ಅವಳ ದನಿ ಕೇಳ್ತಿತ್ತು ಕಣಮ್ಮ. ಆದ್ರೆ ಮಾತು ಬಿಡಿಸಿ ಕೇಳ್ತಿರ್ಲಿಲ್ಲ. ಬರೀ ಗುಂಯ್ ಅಂತ ಬರೋದು. ಅಷ್ಟು ವರ್ಷ ಏನು ಓದ್ತಿದ್ಳೋ ನಂಗ್ಯಾವತ್ತೂ ಗೊತ್ತಾಗ್ಲಿಲ್ಲ" ಎಂದರು. ಆಮೇಲೆ, "ಅವತ್ತು ಮೇಲೆ ಬಂದು ನನ್ನ ಬೈದು ಹೋದಳಲ್ಲ, ಆಮೇಲೆ ಏನು ಓದಿದಳು?" ಎಂದು ಕೇಳಿದರು.

ನಾನು ಅವರನ್ನು ಆ ಕುರ್ಚಿಯಲ್ಲಿ ಕೂರಿಸಿದೆ. ಫೈಲು ಹುಡುಕಿ, ಹೆಡ್‌ಫೋನನ್ನು ಅವರ ನರೆತ ತಲೆಗೆ ಸರಿಮಾಡಿ ಹಾಕಿ, ಆ ಜಾಗಕ್ಕೆ ತಂದು ಆನ್ ಮಾಡಿದೆ. ನನಗೆ ಏನೂ ಕೇಳಿಸುತ್ತಿರಲಿಲ್ಲ, ಅವರ ಮುಖ ಮಾತ್ರ ಕಾಣುತ್ತಿತ್ತು. ಪ್ಯಾರಾ ಮುಗಿದಾಗ ಮತ್ತೆ ಹಾಕು ಎಂದು ಸನ್ನೆ ಮಾಡಿದರು. ಹಾಕಿದೆ. ಎರಡನೇ ಸಲ ಕೇಳುತ್ತ ಕೇಳುತ್ತ, ಹೆಡ್‌ಫೋನ್ ಹಾಕಿಕೊಂಡವರು ತಮಗೆ ಗೊತ್ತಿಲ್ಲದೆ ಕೂಗಿ ಮಾತಾಡುತ್ತಾರಲ್ಲ ಹಾಗೆ, ಆ ಸಣ್ಣ ದನಿಯ ಹೆಂಗಸು ಇಡೀ ಮನೆಗೆ ಕೇಳುವಂತೆ ಹೇಳಿದರು:

"ನಾನೇ ಇಳಿದು ಬರಬಹುದಿತ್ತು ಕಣಕ್ಕ! ಅಷ್ಟು ವರ್ಷದಲ್ಲಿ ಒಂದೇ ಒಂದು ಸಲ ನಾನೇ ಇಳಿದು ಬರಬಹುದಿತ್ತು!"